ಹೊಳೆದಂಡೆಯ ಊಟಕ್ಕೊಂದು ಪಂಚಾಂಗ

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಬಣ್ಣದ ಪುಟವೊಂದನ್ನು ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಪುಟದ ತುಂಬ ಜಪಾನಿನ ಹೊಳೆಯೊಂದರ ಚಿತ್ರ. ದಂಡೆಯ ಮೇಲೆ ಮರದ ಮನೆ. ಒಳಗೆ ಚಾಪೆಯ ಮೇಲೆ ಮೊಣಕಾಲೆತ್ತರದ ಮೇಜು, ಅದರ ಮೇಲೆ ಹತ್ತು ಹನ್ನೆರಡು ಪುಟ್ಟ ಬಟ್ಟಲು.

"ಸಾರ್, ಇಲ್ಲಿ ಒಂದು ರಾತ್ರಿ ಇದ್ದು ಊಟ ಮಾಡೋಕೆ ನಮ್ಮಪ್ಪ ಆಲೂಗೆಡ್ಡೆ ಮಾರಿದ ದುಡ್ಡೂ ಸಾಕಾಗಲ್ಲ. ಬಟ್ಟಲಲ್ಲಿ ನೋಡಿದ್ರೆ ಮೂರು ತುತ್ತೂ ಇಲ್ಲ. ಯಾತಕ್ಕೆ ಸಾರ್ ಅಷ್ಟು ಕೊಡೋದು?"

"ದುಡ್ಡಿದ್ದವರ ಶೋಕಿ" ಎಂದು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ವಿಜ್ಞಾನದ ಮೇಷ್ಟರಿಗೆ "ಯಾತಕ್ಕೆ" ಎಂಬ ಪ್ರಶ್ನೆ ಬಂದಾಗ ಹಾಗೆ ತಪ್ಪಿಸಿಕೊಳ್ಳುವುದು ಸರಿಯಲ್ಲ. ಇದು ಹರದನಹಳ್ಳಿಯ ಸೀಮೆ. 1996ರಲ್ಲಿ ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ಊರೆಂದು ಹೆಸರಾದರೂ, ನಮ್ಮ ದಿನನಿತ್ಯದ ಮಾತು ಇಂದಿಗೂ ಮಳೆ, ಬೆಳೆ ಮತ್ತು ಹೇಮಾವತಿಯದೇ. ಹೊಳೆದಂಡೆಯ ಮಕ್ಕಳು ಕೇಳಿದ ಹೊಳೆದಂಡೆಯ ಪ್ರಶ್ನೆಗೆ ಉತ್ತರ ಹುಡುಕಲೇಬೇಕೆನಿಸಿತು. ಹುಡುಕುತ್ತಾ ಹೋದಂತೆ ನನ್ನದೇ ಒಂದು ಹಳೆಯ ತಪ್ಪು ಎದುರಿಗೆ ಬಂದು ನಿಂತಿತು. ಅದನ್ನೂ ಹೇಳುತ್ತೇನೆ.

ದೋಣಿಯಲ್ಲಿ ಹೋಗುವ ಮನೆ

ಜಪಾನಿನ ಹಳೆಯ ರಾಜಧಾನಿ ಕ್ಯೋಟೊ. ಅದರ ಪಶ್ಚಿಮದ ಅಂಚಿನಲ್ಲಿ ಅರಾಶಿಯಾಮಾ ಎಂಬ ಬೆಟ್ಟದ ಸೀಮೆ. ಬೆಟ್ಟಗಳ ನಡುವೆ ಹರಿಯುವ ಹೊಳೆಯಲ್ಲಿ 1606ರಲ್ಲಿ ಸುಮಿನೋಕುರಾ ರ್‍ಯೋಇ ಎಂಬ ವರ್ತಕ ಬಂಡೆಗಳನ್ನು ಒಡೆಸಿ, ಸರಕು ಸಾಗಿಸಲು ದೋಣಿದಾರಿ ಮಾಡಿಸಿದ. ಈಗ ಅದೇ ನೀರಿನ ಮೇಲೆ ಅತಿಥಿಗಳನ್ನು ದೋಣಿಯಲ್ಲಿ ಕರೆದೊಯ್ಯುವ ಒಂದು ತಂಗುಮನೆಯಿದೆ. 2009ರಲ್ಲಿ ತೆರೆದ ಅದರ ಹೆಸರು ಹೋಶಿನೋಯಾ. ಇರುವುದು 25 ಕೋಣೆ ಮಾತ್ರ. ಕಿಟಕಿ ತೆರೆದರೆ ಹೊಳೆ. ಅದೇ ಊರಿನ ಉತ್ತರದ ಬೆಟ್ಟದಲ್ಲಿ ಕಿಬುನೆ ಎಂಬ ಹಳ್ಳಿಯಿದೆ. ಅಲ್ಲಿ ಬೇಸಿಗೆಯಲ್ಲಿ ಹರಿಯುವ ತೊರೆಯ ಮೇಲೆಯೇ ಅಟ್ಟಣೆ ಹಾಕಿ ಊಟಕ್ಕೆ ಕೂರಿಸುತ್ತಾರೆ. ಕಾಲ ಕೆಳಗೆ ನೀರು ಹರಿಯುತ್ತಿರುತ್ತದೆ.

ಇಂಥ ಮನೆಗಳಲ್ಲಿ ಬಡಿಸುವ ಊಟಕ್ಕೆ ಕೈಸೆಕಿ ಎಂದು ಹೆಸರು. ಹದಿನಾರನೆಯ ಶತಮಾನದ ಚಹಾಗುರು ಸೆನ್ ನೊ ರಿಕ್ಯುವಿನ ಕಾಲದಲ್ಲಿ ಚಹಾಕ್ಕೆ ಮುಂಚೆ ಕೊಡುತ್ತಿದ್ದ ಸರಳ ಊಟದಿಂದ ಇದು ಬೆಳೆದು ಬಂತು. ಜಪಾನಿನ ಆಹಾರ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಎತ್ತಿ ಹೇಳಿದ ಗುಣಗಳಲ್ಲಿ ಮುಖ್ಯವಾದದ್ದು ಪ್ರಕೃತಿಯ ಬಗೆಗಿನ ಗೌರವ.

ಆ ಗೌರವ ಬಾಯಿಮಾತಿನದಲ್ಲ. ಒಂದು ತರಕಾರಿ ಅಥವಾ ಮೀನು ಅತ್ಯಂತ ರುಚಿಯಾಗಿರುವ ಕಾಲಕ್ಕೆ ಅವರು 'ಶುನ್' ಎನ್ನುತ್ತಾರೆ. ಅದನ್ನೂ ಮೂರು ಭಾಗ ಮಾಡುತ್ತಾರೆ. ಆಗತಾನೆ ಬರುವುದು 'ಹಶಿರಿ', ತುಂಬಿ ಬರುವುದು 'ಸಕಾರಿ', ಮುಗಿಯುತ್ತಾ ಬಂದದ್ದು 'ನಗೋರಿ'. ನಮ್ಮಲ್ಲಿ ಎಳೆಗಾಯಿ, ಸುಗ್ಗಿ, ಕೊನೇ ಕೊಯ್ಲು ಎನ್ನುವುದಿಲ್ಲವೆ, ಹಾಗೆ. ಬೇಸಿಗೆಯಲ್ಲಿ ಬಡಿಸುವ 'ಅಯು' ಎಂಬ ಹೊಳೆಮೀನನ್ನೇ ನೋಡಿ. ಅದರ ಆಯುಸ್ಸು ಸುಮಾರು ಒಂದೇ ವರ್ಷ. ಕಲ್ಲಿನ ಮೇಲಿನ ಪಾಚಿ ತಿಂದು ಬೆಳೆಯುವ ಈ ಮೀನಿಗೆ ಸೌತೆಕಾಯಿಯಂಥ ವಾಸನೆ. ಹೊಳೆ ತಿಳಿಯಾಗಿ ಹರಿದು ಕಲ್ಲಿಗೆ ಬಿಸಿಲು ಬಿದ್ದರೆ ಪಾಚಿ, ಪಾಚಿ ಇದ್ದರೆ ಅಯು. ಅಂದರೆ ಬಟ್ಟಲಲ್ಲಿರುವ ಮೀನು ಆ ವರ್ಷದ ಹೊಳೆ ಹೇಗಿತ್ತು ಎಂಬುದರ ವರದಿ.

ಈಗ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಅತಿಥಿ ದುಡ್ಡು ಕೊಡುವುದು ಮೂರು ತುತ್ತಿಗೆ ಮಾತ್ರವಲ್ಲ. ಆ ತುತ್ತು ಯಾವ ವಾರ ಬೆಳೆಯುತ್ತದೆ, ಯಾವ ದಂಡೆಯಲ್ಲಿ ಸಿಗುತ್ತದೆ ಎಂದು ಬಲ್ಲವರ ತಿಳಿವಳಿಕೆಗೂ.

ಎರಡು ಪಂಚಾಂಗಗಳು

ಜಪಾನಿನ ಈ ಊಟದ ಹಿಂದೆ ಒಂದು ಹಳೆಯ ಪಂಚಾಂಗವಿದೆ. ಸೂರ್ಯನ ವಾರ್ಷಿಕ ಪಥದ 360 ಡಿಗ್ರಿಯನ್ನು 15 ಡಿಗ್ರಿಯಂತೆ 24 ಭಾಗ ಮಾಡುತ್ತಾರೆ. ಒಂದೊಂದಕ್ಕೂ ಸುಮಾರು ಹದಿನೈದು ದಿನ. ಪ್ರತಿಯೊಂದನ್ನೂ ಮತ್ತೆ ಮೂರು ಮಾಡಿದರೆ 72 ಪುಟ್ಟ ಋತುಗಳು, ಒಂದೊಂದೂ ಸುಮಾರು ಐದು ದಿನ. ಮೂಲ ಚೀನಾದ್ದು. ಇಂಥ ಹಕ್ಕಿ ಕೂಗುವ ಕಾಲ, ಬಿದಿರು ಮೊಳೆಯುವ ಕಾಲ ಎಂಬಂಥ ಹೆಸರುಗಳನ್ನು ಜಪಾನಿನವರು ಹದಿನೇಳನೆಯ ಶತಮಾನದಲ್ಲಿ ತಮ್ಮ ಹವೆಗೆ ಹೊಂದಿಸಿಕೊಂಡರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಜ್ಜಿ. ಅವರಿಗೆ ಜೂನ್, ಜುಲೈ ಗೊತ್ತಿರಲಿಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಗೊತ್ತಿತ್ತು. ನಮ್ಮ ಮಳೆನಕ್ಷತ್ರಗಳೂ ಸೂರ್ಯನ ಪಥದ ಭಾಗಗಳೇ. 360 ಡಿಗ್ರಿಯನ್ನು 27ರಿಂದ ಭಾಗಿಸಿ ನೋಡಿ: 13 ಡಿಗ್ರಿ 20 ಮಿನಿಟು. ಒಂದೊಂದು ಮಳೆಗೆ ಸುಮಾರು ಹದಿಮೂರೂವರೆ ದಿನ. ಭರಣಿಯಲ್ಲಿ ಉಳುಮೆ, ಮುಂದಿನ ಮಳೆಗಳಲ್ಲಿ ಬಿತ್ತನೆ ಎಂದು ರೈತ ಹೇಳುವಾಗ ಅವನು ಆಕಾಶದ ಗಡಿಯಾರ ನೋಡಿಯೇ ಮಾತಾಡುತ್ತಿರುತ್ತಾನೆ. ಜೂನ್ ತಿಂಗಳ ಮಳೆಗಾಲವನ್ನು ಜಪಾನಿನವರು 'ಪ್ಲಮ್ ಮಳೆ' ಎಂದು ಬರೆಯುತ್ತಾರೆ. ಅದು ಅವರ ಪ್ಲಮ್ ಹಣ್ಣು ಮಾಗುವ ಕಾಲ. ನಮ್ಮ ಬೇಸಿಗೆಯ ಮಳೆಗೆ ಮಾವಿನ ಮಳೆ ಎನ್ನುವುದಿಲ್ಲವೆ? ಎರಡು ದೇಶಗಳ ಜನ ಮಳೆಗೆ ಹಣ್ಣಿನ ಹೆಸರಿಟ್ಟು ಕರೆದರು.

ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಜಪಾನಿನ 24 ಭಾಗಗಳು ಹಗಲು–ರಾತ್ರಿ ಸಮವಾಗುವ ದಿನಕ್ಕೆ, ಅತಿ ದೀರ್ಘ ಹಗಲಿನ ದಿನಕ್ಕೆ ಗಂಟು ಹಾಕಿಕೊಂಡಿವೆ. ನಮ್ಮ ನಕ್ಷತ್ರಗಳು ಸ್ಥಿರ ತಾರೆಗಳಿಗೆ ಗಂಟು ಹಾಕಿಕೊಂಡಿವೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲಾಡುವುದರಿಂದ ಈ ಎರಡು ಲೆಕ್ಕಗಳ ನಡುವೆ ಸುಮಾರು 71 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಸಾವಿರ ವರ್ಷದ ಹತ್ತಿರ ಒಂದು ಇಡೀ ಮಳೆನಕ್ಷತ್ರದಷ್ಟು! ಹೊಯ್ಸಳರ ಕಾಲದ ರೈತನಿಗೆ ಆರಿದ್ರಾ ಹುಟ್ಟುತ್ತಿದ್ದಾಗ ಇದ್ದ ಹವೆ ಇಂದಿನ ಆರಿದ್ರಾದ ಹವೆಯಲ್ಲ. ಹಳೆಯ ತಿಳಿವಳಿಕೆಯನ್ನು ಗೌರವಿಸೋಣ, ಆದರೆ ಆಗಾಗ ಅಳೆದೂ ನೋಡೋಣ.

ಅವರೆಗಿಡಕ್ಕೆ ಹೇಗೆ ಗೊತ್ತು?

ನಮ್ಮ ಕಡೆಯ 'ಶುನ್' ಯಾವುದು ಎಂದು ಕೇಳಿದರೆ ತರಗತಿ ಒಕ್ಕೊರಲಿನಿಂದ ಕೂಗುವುದು ಅವರೇಕಾಯಿ ಎಂದೇ. ಇಬ್ಬನಿ ಬೀಳುವ ಧನುರ್ಮಾಸದಲ್ಲಿ ಸೊಗಡು ಅವರೆ ಬಿಡಿಸಿದರೆ ಕೈಗೆ ಅಂಟುವ ಎಣ್ಣೆಯ ವಾಸನೆ ಸಂಜೆಯವರೆಗೂ ಹೋಗದು. ಅವರೆಗಿಡಕ್ಕೆ ಕ್ಯಾಲೆಂಡರ್ ಇಲ್ಲ. ಅದು ಹೂ ಬಿಡುವ ಕಾಲವನ್ನು ಹೇಗೆ ತಿಳಿಯುತ್ತದೆ?

ಹಗಲಿನ ಉದ್ದದಿಂದ. ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಹೊಗೆಸೊಪ್ಪು ಮತ್ತು ಸೋಯಾ ಅವರೆಯ ಮೇಲಿನ ಪ್ರಯೋಗಗಳಿಂದ ಇದನ್ನು ಪ್ರಕಟಿಸಿದರು. ಕೆಲವು ಗಿಡಗಳು ಹಗಲು ಗಿಡ್ಡವಾದರೆ ಮಾತ್ರ ಹೂ ಬಿಡುತ್ತವೆ. ನಿಜವಾಗಿ ಅವು ಅಳೆಯುವುದು ಕತ್ತಲಿನ ಉದ್ದವನ್ನು ಎಂದು ಆಮೇಲೆ ತಿಳಿಯಿತು. ನಮ್ಮ ನಾಟಿ ಅವರೆ ಅಂಥ ಗಿಡ. ಕ್ಯೋಟೊದಲ್ಲಿ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ನಾಲ್ಕೂವರೆ ಗಂಟೆಗೂ ಮಿಕ್ಕಿ ವ್ಯತ್ಯಾಸವಿದೆ. ಹಾಸನದ ಅಕ್ಷಾಂಶದಲ್ಲಿ ಅದು ಒಂದೂವರೆ ಗಂಟೆ ಮಾತ್ರ. ಇಷ್ಟು ಸಣ್ಣ ಬದಲಾವಣೆಯನ್ನೂ ಹಿತ್ತಲಿನ ಬಳ್ಳಿ ಗುರುತಿಸುತ್ತದೆ!

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ಹೊರತಂದಿದ್ದಾರೆ. ಇವು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುತ್ತವೆ. ಹೀಗಾಗಿ ಬೇಸಿಗೆಯಲ್ಲೂ ಅವರೇಕಾಯಿ ಸಿಗುತ್ತದೆ, ರೈತನ ಕೈಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ. ಅದು ಒಳ್ಳೆಯದೇ. ಕಾಲ ಮರೆಯುತ್ತಿರುವವರು ನಾವು ಮಾತ್ರವೂ ಅಲ್ಲ. ಜಪಾನಿನಲ್ಲಿ ವಸಂತದ ಸ್ಟ್ರಾಬೆರಿ ಹಸಿರುಮನೆಗಳ ದೆಸೆಯಿಂದ ಡಿಸೆಂಬರ್‌ನಲ್ಲೇ ಬರುತ್ತದೆ. ಕಾಲ ಮರೆತುಹೋಗುವ ಜಗತ್ತಿನಲ್ಲಿ ಕಾಲವನ್ನು ನೆನಪಿಟ್ಟವರ ಬೆಲೆ ಏರುತ್ತದೆ. ಹೊಳೆದಂಡೆಯ ಮನೆಯ ಬಾಡಿಗೆಗೆ ಇದೂ ಒಂದು ಕಾರಣ.

ಅಡುಗೆಮನೆಯ ಪ್ರಯೋಗಶಾಲೆ

ಕೈಸೆಕಿ ಊಟದ ಬೆನ್ನೆಲುಬು 'ದಾಶಿ' ಎಂಬ ತಿಳಿಸಾರು. ಕೊಂಬು ಎಂಬ ಕಡಲಪಾಚಿಯನ್ನು ನೀರಿನಲ್ಲಿ ಬಿಸಿ ಮಾಡಿ, ಒಣಮೀನಿನ ಹೆರೆಗಳನ್ನು ಹಾಕಿ ಬಸಿಯುತ್ತಾರೆ. ಇದರಲ್ಲಿ ಉಪ್ಪು, ಹುಳಿ, ಸಿಹಿ, ಕಹಿಗೆ ಸೇರದ ಇನ್ನೊಂದು ರುಚಿ ಇದೆಯಲ್ಲ ಎಂದು ಯೋಚಿಸಿದವರು ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೇದಾ. 1908ರಲ್ಲಿ ಅವರು ಪಾಚಿಯಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು.

ನಮ್ಮ ಬಸ್ಸಾರು ನೆನಪಾಯಿತೆ? ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಬಸಿದು ಸಾರು ಮಾಡುವುದು. ನೀರಿನಲ್ಲಿ ಕರಗುವ ರುಚಿ, ಪೋಷಕಾಂಶಗಳು ಬಸಿದ ನೀರಿಗೆ ಇಳಿದಿರುತ್ತವೆ ಎಂಬುದು ಇಲ್ಲಿಯೂ ಅಲ್ಲಿಯೂ ಒಂದೇ ತತ್ತ್ವ.

ಇನ್ನು ಕಳಲೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಮನೆಗಳಲ್ಲಿ ಎಳೆಬಿದಿರನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕುತ್ತಾರೆ. ಜಪಾನಿನವರು ವಸಂತದ ಕಳಲೆಯನ್ನು ಅಕ್ಕಿತೌಡಿನ ಜೊತೆ ಬಹಳ ಹೊತ್ತು ಬೇಯಿಸುತ್ತಾರೆ. ಎಳೆಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಜೀವಕೋಶ ಒಡೆದಾಗ ಅದರಿಂದ ವಿಷಕಾರಿ ಹೈಡ್ರೋಜನ್ ಸಯನೈಡ್ ಹೊರಬೀಳುತ್ತದೆ. ಹೆಚ್ಚುವುದು, ನೆನೆಸುವುದು, ನೀರು ಚೆಲ್ಲುವುದು, ಬೇಯಿಸುವುದು ಇವೆಲ್ಲ ಆ ವಿಷವನ್ನು ತೊಲಗಿಸುವ ಕ್ರಮಗಳು. ಸಯನೈಡ್ ಎಂಬ ಹೆಸರು ಕೇಳದ ಅಜ್ಜಿಯರು ಎರಡು ದೇಶಗಳಲ್ಲಿ ಎರಡು ದಾರಿಯಿಂದ ಒಂದೇ ಉತ್ತರಕ್ಕೆ ಬಂದರು.

ನನ್ನ ಕೆಂಪು ಶಾಯಿ

ಈಗ ನನ್ನ ತಪ್ಪಿನ ವಿಷಯ.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಹುಡುಗನೊಬ್ಬ ಮುಂಗಾರು ಶುರುವಾದರೆ ಸಾಕು, ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದ. ಕೇಳಿದರೆ "ಅಣಬೆ ಕೀಳೋಕೆ ಹೋಗಿದ್ದೆ ಸಾ" ಎನ್ನುತ್ತಿದ್ದ. ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ "ಅಣಬೆಗಳು ಎಲ್ಲಿ ಬೆಳೆಯುತ್ತವೆ?" ಎಂದು ಎರಡು ಅಂಕದ ಪ್ರಶ್ನೆ. "ಕೊಳೆಯುವ ಸಾವಯವ ವಸ್ತುಗಳ ಮೇಲೆ" ಎಂಬುದು ಪುಸ್ತಕದ ಉತ್ತರ. ಅವನು ಬರೆದಿದ್ದ: "ಹುತ್ತದಲ್ಲಿ, ಗುಡುಗಿದ ಮೂರನೇ ದಿನ." ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಸುತ್ತಿದೆ. ತರಗತಿಯಲ್ಲಿ ಅದನ್ನು ಓದಿ ಹೇಳಿ ಎಲ್ಲರನ್ನೂ ನಗಿಸಿದೆ.

ನಗಬೇಕಾದದ್ದು ನನ್ನನ್ನು ನೋಡಿ. ನಮ್ಮ ಹುತ್ತದಣಬೆ ಟರ್ಮಿಟೊಮೈಸೀಸ್ ಎಂಬ ಜಾತಿಯದು. ಗೆದ್ದಲುಗಳು ಎಲೆ, ಕಡ್ಡಿಗಳನ್ನು ಜಗಿದು ಗೂಡಿನೊಳಗೆ ತೋಟ ಮಾಡಿ, ಅದರ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತವೆ. ಮಳೆ ಬಿದ್ದಾಗ ಅದರ ಕೊಡೆ ಹೊರಬರುತ್ತದೆ. ಹುತ್ತವಿಲ್ಲದೆ ಈ ಅಣಬೆಯಿಲ್ಲ. ಜಪಾನಿನ ಶರತ್ಕಾಲದ ಊಟದ ರಾಜ ಎನಿಸಿದ ಮತ್ಸುತಾಕೆ ಅಣಬೆಯ ಕಥೆಯೂ ಹೀಗೆಯೇ. ಅದು ಪೈನ್ ಮರದ ಜೀವಂತ ಬೇರಿನ ಜೊತೆ ಮಾತ್ರ ಬಾಳುತ್ತದೆ. ಅದಕ್ಕೇ ಅದನ್ನು ತೋಟದಲ್ಲಿ ಬೆಳೆಯಲಾಗದೆ, ಕಾಡು ಬಲ್ಲವನೇ ಹುಡುಕಿ ತರಬೇಕು.

ಗುಡುಗಿನ ಮಾತು? ಸಿಡಿಲು ಬಡಿದ ಕಡೆ ಅಣಬೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಜಪಾನಿನ ರೈತರಲ್ಲೂ ಇದೆ. ಇವಾತೆ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ನೋಡಿ ನಗಲಿಲ್ಲ. ಶಿಟಾಕೆ ಅಣಬೆಯ ದಿಮ್ಮಿಗಳಿಗೆ ಅಧಿಕ ವೋಲ್ಟೇಜಿನ ವಿದ್ಯುತ್ತನ್ನು ಕ್ಷಣಮಾತ್ರ ಹಾಯಿಸಿ ಪರೀಕ್ಷಿಸಿದರು. ಇಳುವರಿ ಹೆಚ್ಚಿತು. ನಮ್ಮ ಹುತ್ತದಣಬೆಗೂ ಇದು ಅನ್ವಯಿಸುತ್ತದೆ ಎಂದು ಇದರಿಂದ ಹೇಳಲಾಗದು. ಅಲ್ಲಿ ಮುಖ್ಯ ಕಾರಣ ಮಳೆ, ತೇವ ಎನ್ನುವುದೇ ಸರಿ. ಆದರೆ ಹುಡುಗನ ಉತ್ತರ ಪ್ರಯೋಗಕ್ಕೆ ಯೋಗ್ಯವಾದ ಉತ್ತರವಾಗಿತ್ತು. (ಮಕ್ಕಳೇ, ಒಂದು ಎಚ್ಚರಿಕೆ: ಬಲ್ಲ ಹಿರಿಯರು ತೋರಿಸದ ಅಣಬೆಯನ್ನು ಎಂದೂ ತಿನ್ನಬೇಡಿ. ವಿಷದ ಅಣಬೆಗಳೂ ಅದೇ ಮಳೆಗೆ ಏಳುತ್ತವೆ.)

ಆ ಹುಡುಗ ಎಸ್‌.ಎಸ್‌.ಎಲ್‌.ಸಿ.ಯಲ್ಲಿ ವಿಜ್ಞಾನಕ್ಕೆ ಫೇಲಾಗಿ ಓದು ಬಿಟ್ಟ. ನನ್ನ ಆ ಎರಡು ಅಂಕದಿಂದ ಫೇಲಾದ ಎನ್ನಲಾರೆ. ಆದರೆ ತನಗೆ ಗೊತ್ತಿರುವುದು ವಿಜ್ಞಾನವಲ್ಲ ಎಂದು ಅವನಿಗೆ ಮೊದಲು ಕಲಿಸಿದವನು ನಾನು. ಈಗ ಅವನು ಮಲೆನಾಡಿನ ಒಂದು ಕಾಫಿತೋಟದ ತಂಗುಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಾನೆ. ಬೆಂಗಳೂರಿನಿಂದ ಬರುವ ಅತಿಥಿಗಳು ಕೇಳುವ ಮೊದಲ ಮಾತು, "ಇವತ್ತು ಇಲ್ಲಿಯದೇ ಆದದ್ದು ಏನಿದೆ?" ಎಂದಂತೆ. ನಾನು ಫೋನು ಮಾಡಿ ಉತ್ತರಪತ್ರಿಕೆಯ ಸಂಗತಿ ಹೇಳಿದಾಗ, "ಅಯ್ಯೋ ಬಿಡಿ ಸಾ, ನಂಗೆಲ್ಲಿ ನೆನಪು" ಎಂದು ನಕ್ಕ. ನನಗೆ ನೆನಪಿದೆ.

ತಾಯಿತಂದೆಯರಲ್ಲಿ ಒಂದು ಮಾತು. "ಅಡುಗೆ ಮಾಡೋಕೆ ಓದಿಸಬೇಕಾ?" ಎಂದು ಕೇಳಬೇಡಿ. ಪಿ.ಯು.ಸಿ.ಯಲ್ಲಿ ಯಾವ ವಿಭಾಗ ಓದಿದವರೂ ರಾಷ್ಟ್ರಮಟ್ಟದ ಎನ್‌.ಸಿ.ಎಚ್‌.ಎಂ. ಪ್ರವೇಶ ಪರೀಕ್ಷೆ ಬರೆದು, ಬೆಂಗಳೂರು ಮುಂತಾದೆಡೆ ಇರುವ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಬಿ.ಎಸ್‌ಸಿ. ಮಾಡಬಹುದು. ಅಲ್ಲಿ ಪಾತ್ರೆ ಹಿಡಿಯುವುದನ್ನು ಕಲಿಸುತ್ತಾರೆ. ಯಾವ ಮಳೆಗೆ ಯಾವ ಸೊಪ್ಪು ಎಂಬುದನ್ನು ಮನೆಯಿಂದಲೇ ಕಲಿತು ಹೋಗಬೇಕು.

ಬರೆದಿಟ್ಟವರು

ಕ್ಯೋಟೊದಲ್ಲಿ ಚೆರಿ ಹೂ ತುಂಬಿ ಅರಳಿದ ದಿನಗಳ ದಾಖಲೆ ಕ್ರಿ.ಶ. 812ರಿಂದ ಸಿಗುತ್ತದೆ. ಅರಮನೆಯವರು, ಮಠದ ಸನ್ಯಾಸಿಗಳು ದಿನಚರಿಯಲ್ಲಿ "ಇಂದು ಹೂ ನೋಡಲು ಹೋದೆವು" ಎಂಬಂತೆ ಬರೆದಿಟ್ಟ ಸಾಲುಗಳು ಅವು. ಯಾಸುಯುಕಿ ಅಓನೊ ಎಂಬ ಸಂಶೋಧಕರು ಅವನ್ನೆಲ್ಲ ಕಲೆಹಾಕಿ ಪಟ್ಟಿ ಮಾಡಿದರು. 2021ರಲ್ಲಿ ಹೂ ತುಂಬಿದ್ದು ಮಾರ್ಚ್ 26ರಂದು. ಸಾವಿರದ ಇನ್ನೂರು ವರ್ಷಗಳ ಆ ಪಟ್ಟಿಯಲ್ಲಿ ಅಷ್ಟು ಬೇಗ ಅರಳಿದ್ದು ಅದೇ ಮೊದಲು. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಕವಿಗಳ, ಸನ್ಯಾಸಿಗಳ ದಿನಚರಿ ಸಾಕ್ಷಿಯಾಯಿತು.

ನಮ್ಮ ಹೊಳೆಗೂ ಹಳೆಯ ಋತು ಉಳಿದಿಲ್ಲ. ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ ಸುಮಾರು 245 ಕಿ.ಮೀ. ಹರಿದು ಕಾವೇರಿ ಸೇರುವ ಹೇಮಾವತಿಗೆ 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣವಾಯಿತು. ಅದರಿಂದ ಹೊಲಗಳಿಗೆ ನೀರು ಬಂತು. ಹೊಳೆನರಸೀಪುರದ ಬಳಿ ಹೊಳೆ ಏರುವುದು, ಇಳಿಯುವುದು ಮಾತ್ರ ಈಗ ಮಳೆಯ ಜೊತೆಗೆ ಗೇಟಿನ ಲೆಕ್ಕವನ್ನೂ ಕೇಳುತ್ತದೆ. ಮೊದಲು ಯಾವ ಮಳೆಗೆ ಯಾವ ಮೀನು ಏರುತ್ತಿತ್ತು, ಯಾವ ವಾರ ಮೊದಲ ಅವರೆ ಬರುತ್ತಿತ್ತು ಎಂದು ನಾವು ಬರೆದಿಟ್ಟಿದ್ದೇವೆಯೆ? ಹೇಳುತ್ತಿದ್ದ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಅದಕ್ಕೇ ಆ ಹುಡುಗಿಗೆ ನಾನು ಉತ್ತರದ ಜೊತೆಗೆ ಇನ್ನೂರು ಪುಟದ ಒಂದು ನೋಟುಬುಕ್ಕು ಕೊಟ್ಟೆ. ಎಡಪುಟದಲ್ಲಿ ಮಳೆನಕ್ಷತ್ರ, ತಾರೀಕು. ಬಲಪುಟದಲ್ಲಿ ಆ ದಿನಗಳಲ್ಲಿ ಸಂತೆಗೆ ಮೊದಲು ಬಂದ ಕಾಯಿ, ಹಿತ್ತಲಲ್ಲಿ ಎದ್ದ ಸೊಪ್ಪು, ಹೊಂಗೆ ಚಿಗುರಿದ ದಿನ, ಮಾವು ಹೂ ಬಿಟ್ಟ ದಿನ, ಹುತ್ತದಲ್ಲಿ ಅಣಬೆ ಎದ್ದ ದಿನ. ತಿಳಿಯದ್ದನ್ನು ಅಪ್ಪ, ಅಮ್ಮ, ಅಜ್ಜಿಯನ್ನು ಕೇಳಿ ಬರೆಯಬೇಕು. ಮರಗಳ ಚಿಗುರು, ಹೂ, ಹಣ್ಣುಗಳ ಕಾಲವನ್ನು ದಾಖಲಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮ 2010ರಿಂದ ನಮ್ಮ ದೇಶದಲ್ಲಿ ನಡೆಯುತ್ತಿದೆ. ಶಾಲೆಯ ಮಕ್ಕಳೂ ಅದರಲ್ಲಿ ಸೇರಬಹುದು.

ಮೊನ್ನೆ ಅವಳ ಪುಸ್ತಕ ತಿರುವಿ ಹಾಕಿದೆ. ಮೃಗಶಿರದ ಪುಟದಲ್ಲಿ ಹೀಗಿತ್ತು: "ಗುಡುಗಿತು. ಮೂರನೇ ದಿನ ಹೋಗಿ ನೋಡಿದೆ, ಇರಲಿಲ್ಲ. ಐದನೇ ದಿನ ಹುತ್ತದ ಪಕ್ಕ ಹನ್ನೊಂದು ಅಣಬೆ. ಅಜ್ಜಿ ತೋರಿಸಿದರು."

ಕೆಂಪು ಶಾಯಿಯ ಪೆನ್ನು ತೆಗೆದು ಅದರ ಪಕ್ಕದಲ್ಲಿ ಎರಡು ಅಂಕ ಹಾಕಿದೆ.